ಹಡಪದ: ಒಂದು ಅಡ್ಡಹೆಸರಿನ ಹಿನ್ನೆಲೆ

ಕಾರಟಗಿ ತಾಲೂಕಿನ ಸಿದ್ದಾಪುರದ ಸೀಮೆಯಲ್ಲಿ ಅಡ್ಡಹೆಸರುಗಳು ಬಹುಮಟ್ಟಿಗೆ ಊರು, ಮನೆತನ, ಕಾಯಕ ಇವುಗಳಿಂದ ಬಂದಿವೆ. ಊರಿನ ಹೆಸರು ಊರು ಬಿಟ್ಟವರಿಗೇ ಅಂಟುವುದು ಸ್ವಾರಸ್ಯದ ಸಂಗತಿ. ಸಿದ್ದಾಪುರದೊಳಗೆ ಯಾರನ್ನೂ ‘ಸಿದ್ದಾಪುರ’ ಎಂದು ಗುರುತಿಸಬೇಕಾದ ಅಗತ್ಯವಿಲ್ಲ. ಕಾಯಕದ ಹೆಸರುಗಳಲ್ಲಿ ‘ಹಡಪದ’ ಎಂಬುದು ವಿಶೇಷ ವಿಚಾರಕ್ಕೆ ಅರ್ಹವಾದುದು.

ಹಡಪವೆಂದರೆ ಎಲೆ ಅಡಿಕೆಯ ಸಂಚಿ. ಕ್ಷೌರದ ಸಲಕರಣೆಗಳನ್ನಿಡುವ ಚೀಲಕ್ಕೂ ಅದೇ ಹೆಸರುಂಟು. 12ನೆಯ ಶತಮಾನದ ಕಲ್ಯಾಣದಲ್ಲಿ ಅಪ್ಪಣ್ಣನವರು ಬಸವಣ್ಣನವರಿಗೆ ತಾಂಬೂಲದ ಹಡಪವನ್ನು ಹಿಡಿದು, ಸದಾ ಅವರ ಸನ್ನಿಧಿಯಲ್ಲಿದ್ದರು. ಕ್ಷೌರಿಕನ ಮುಖದರ್ಶನವೇ ಅಪಶಕುನವೆಂದು ಬಗೆದಿದ್ದ ಕಾಲವದು. ಅಂಥ ಕಾಲದಲ್ಲಿ ಬಸವಣ್ಣನವರನ್ನು ಕಾಣಬಂದವರು ಮೊದಲು ಅಪ್ಪಣ್ಣನವರನ್ನು ಕಾಣಬೇಕಾಗಿತ್ತೆಂದು ಶರಣಪರಂಪರೆ ಹೇಳುತ್ತದೆ. ಹೀನಾಯದ ಮಾತು ಗೌರವದ ಹೆಸರಾದುದು ಆ ಬಾಗಿಲಿನಲ್ಲಿಯೇ. ಅವರ ನೆಲೆಯಾದ ಕೃಷ್ಣಾತೀರದ ತಂಗಡಗಿಯನ್ನು ಹಡಪದ ಮನೆತನಗಳು ಇಂದಿಗೂ ತಮ್ಮ ಮೂಲಸ್ಥಾನವೆಂದು ಭಾವಿಸುತ್ತವೆ.

ಆದರೆ ಹೆಸರೊಂದಾದ ಮಾತ್ರಕ್ಕೆ ವಂಶವೂ ಒಂದೆಂದು ತಿಳಿಯಲಾಗದು. 16ನೆಯ ಶತಮಾನದ ವಿಜಯನಗರದಲ್ಲಿ ಹಡಪ ಹಿಡಿಯುವುದು ಅರಸನಿಗೆ ಅತ್ಯಂತ ಆಪ್ತರಾದವರ ಪದವಿ. ಬೇಲೂರಿನ ಕೃಷ್ಣಪ್ಪನಾಯಕನ ತಂದೆ ಬಯ್ಯಪ್ಪನಾಯಕನಿಗೂ ‘ಹಡಪದ’ ಎಂಬ ವಿಶೇಷಣವಿದೆ. ಆತನು ಪಾಳೆಯಗಾರ ಮನೆತನದವನು. ಹಂಪಿ, ಆನೆಗೊಂದಿಗಳಿಗೆ ಸಮೀಪದ ಈ ಸೀಮೆಯಲ್ಲಿ ಅಡ್ಡಹೆಸರನ್ನೇ ವಂಶಾವಳಿಯೆಂದು ಓದುವವರು ಇದನ್ನು ನೆನೆಯತಕ್ಕದ್ದು.

ಹಿಂದಿನ ತಲೆಮಾರುಗಳನ್ನು ಅರಿಯಲು ಕಾಗದಪತ್ರಗಳ ಆಧಾರವೂ ಸುಲಭವಲ್ಲ. 1948ರವರೆಗೆ ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿದ್ದು, ಆಡಳಿತವು ಉರ್ದುವಿನಲ್ಲಿ ನಡೆಯುತ್ತಿತ್ತು. ಆ ಕೊರತೆಯನ್ನು ತುಂಬಿದವರು ಹೆಳವರು. ಎತ್ತನ್ನೇರಿ ಊರೂರು ಸುತ್ತುತ್ತ, ಒಕ್ಕಲ ಮನೆಯ ಮುಂದೆ ಮುತ್ತಜ್ಜರ ಹೆಸರುಗಳನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವ ಇವರ ನೆನಪು ಯಾವ ದಫ್ತರಕ್ಕೂ ಕಡಿಮೆಯದಲ್ಲ. ದಾನದ ಪ್ರಮಾಣಕ್ಕೆ ತಕ್ಕಂತೆ ಹೊಗಳಿಕೆ ಹಿಗ್ಗುವುದೂ ಉಂಟು!

ಇಷ್ಟಾಗಿಯೂ ಶರಣರು ತಮ್ಮ ಮೂಲವನ್ನು ಹೇಳಿಕೊಂಡ ಬಗೆಯೇ ಬೇರೆ. ವಿಪ್ರಕುಲದಲ್ಲಿ ಜನಿಸಿದ ಬಸವಣ್ಣನವರು ತಮ್ಮನ್ನು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಮನೆಗಳ ಸಂತಾನವೆಂದು ವಚನದಲ್ಲಿ ಕರೆದುಕೊಂಡರು. ಅಪ್ಪಣ್ಣನವರ ಹೆಸರಿನಲ್ಲಿ ಕಾಯಕವಿದೆ. ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬ ಅವರ ಅಂಕಿತದಲ್ಲಿ ಗುರುವಿದ್ದಾನೆ. ಹುಟ್ಟಿದ ಕುಲ ಎರಡರಲ್ಲಿಯೂ ಇಲ್ಲ. ಅವರ ಧರ್ಮಪತ್ನಿ ಲಿಂಗಮ್ಮನವರ ಅಂಕಿತ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’.