ಸನ್‌ಫ್ಲವರ್ ಕೌಂಟಿಯ ಹತ್ತಿ ಸಹಾಯಧನ: ಚೆಕ್ಕು ಯಾರ ಹೆಸರಿಗೆ?

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸನ್‌ಫ್ಲವರ್ ಕೌಂಟಿ ಮೆಕ್ಕಲುಮಣ್ಣಿನ ಹತ್ತಿಸೀಮೆ. ಕೃಷಿ ಸಹಾಯಧನದ ಚರಿತ್ರೆ ಬರೆಯುವವರು ಇದನ್ನು ದಾಟಿಹೋಗುವಂತಿಲ್ಲ. 1960ರ ದಶಕದಲ್ಲಿ ಇಲ್ಲಿನ ಡಾಡ್ಸ್‌ವಿಲ್ ಬಳಿ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅವರ ಕುಟುಂಬದ ಜಮೀನು ಐದು ಸಾವಿರ ಎಕರೆಗೂ ಮಿಕ್ಕಿತ್ತು. ಅಲ್ಲಿಂದ ಕೆಲವೇ ಮೈಲಿ ದೂರದ ರೂಲ್‌ವಿಲ್‌ನಲ್ಲಿ ಫ್ಯಾನಿ ಲೂ ಹೇಮರ್ ಇದ್ದರು. ಬೇರೆಯವರ ಹತ್ತಿಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಅವರು, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆಂಬ ಕಾರಣಕ್ಕೆ 1962ರಲ್ಲಿ ಆ ಜಮೀನಿನಿಂದಲೇ ಹೊರಬೀಳಬೇಕಾಯಿತು.

ಈ ಸಹಾಯಧನದ ಮೂಲ 1933ರ ಕೃಷಿ ಹೊಂದಾಣಿಕೆ ಕಾನೂನಿನಲ್ಲಿದೆ. ಹತ್ತಿಯ ಬೆಲೆ ನೆಲಕಚ್ಚಿತ್ತು. ಬಿತ್ತನೆ ಕಡಿಮೆ ಮಾಡಿದವರಿಗೆ ಸರ್ಕಾರ ಹಣ ಕೊಡತೊಡಗಿತು. ಒಪ್ಪಂದ ಮಾತ್ರ ಭೂಮಾಲೀಕನ ಜೊತೆ. 1934–35ರ ಹತ್ತಿ ಕರಾರಿನ ಲೆಕ್ಕ ನೋಡಿ: ಬೀಳುಬಿಟ್ಟ ನೆಲದ ಬಾಡಿಗೆ ಪೌಂಡಿಗೆ 3.5 ಸೆಂಟ್, ಬೆಲೆ ಸರಿದೂಗಿಸಲು ಇನ್ನೊಂದು ಸೆಂಟ್. ಅರೆಪಾಲಿಗೆ ಉಳುವವನಿಗೆ ಬಾಡಿಗೆಯಲ್ಲಿ ಬಿಡಿಗಾಸೂ ಇಲ್ಲ. ಆ ಒಂದು ಸೆಂಟಿನಲ್ಲಿ ಅರ್ಧ. ಧಣಿಗೆ ನಾಲ್ಕು, ಒಕ್ಕಲಿಗೆ ಅರ್ಧ! ನೆಲ ಬೀಳುಬಿದ್ದ ಮೇಲೆ ಒಕ್ಕಲಿಗೆ ಅಲ್ಲಿ ಕೆಲಸವೂ ಉಳಿಯಲಿಲ್ಲ. ಒಕ್ಕಲುಗಳನ್ನು ಉಳಿಸಿಕೊಳ್ಳಬೇಕೆಂಬ ಷರತ್ತು ಕರಾರಿನಲ್ಲಿತ್ತಾದರೂ ಅದಕ್ಕೆ ‘ಸಾಧ್ಯವಾದಷ್ಟು’ ಎಂಬ ಬಾಲವೂ ಇತ್ತು. ಷರತ್ತನ್ನು ಬಿಗಿಯಾಗಿ ಓದಬೇಕೆಂದು ಹಟ ಹಿಡಿದ ಸರ್ಕಾರಿ ವಕೀಲ ಜೆರೋಮ್ ಫ್ರಾಂಕ್ ಮತ್ತು ಅವರ ಜೊತೆಯ ಕೆಲವು ಅಧಿಕಾರಿಗಳು 1935ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡರು.

ಹತ್ತಿ ಬಿತ್ತಲು ಯಾರಿಗೆ ಎಷ್ಟು ಎಕರೆ ಎಂದು ಹಂಚುತ್ತಿದ್ದದ್ದು ಕೌಂಟಿಯ ರೈತ ಸಮಿತಿ. ಹೆಸರಿಗೆ ಚುನಾಯಿತ ಸಮಿತಿ. 1960ರ ದಶಕದ ನಡುವಿನ ತನಕ ಮಿಸಿಸಿಪ್ಪಿಯ ಇಂಥ ಸಮಿತಿಗಳಲ್ಲಿ ಒಬ್ಬ ಕಪ್ಪುವರ್ಣೀಯ ಸದಸ್ಯನೂ ಇರಲಿಲ್ಲ. ನಾಗರಿಕ ಹಕ್ಕುಗಳ ಹೋರಾಟದ ಯುವಕರು ಆ ಚುನಾವಣೆಗಳಿಗೂ ಅಭ್ಯರ್ಥಿಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ.

1967ರಲ್ಲಿ ಈಸ್ಟ್‌ಲ್ಯಾಂಡ್ ಕುಟುಂಬಕ್ಕೆ ಸಂದ ಸಹಾಯಧನ ಒಂದೂವರೆ ಲಕ್ಷ ಡಾಲರಿಗೂ ಹೆಚ್ಚು. ಸೆನೆಟರ್ ಸ್ವತಃ ಸೆನೆಟ್ಟಿನ ಕೃಷಿ ಸಮಿತಿಯ ಸದಸ್ಯರು ಎಂಬುದನ್ನೂ ಜೊತೆಗಿಟ್ಟು ಓದಬೇಕು. ಈ ಕೌಂಟಿಯೂ ಸೇರಿದ ಮಿಸಿಸಿಪ್ಪಿ ಡೆಲ್ಟಾದಲ್ಲಿ, ಅದಕ್ಕೆ ಎರಡು ವರ್ಷ ಹಿಂದೆ, ಕಳೆ ತೆಗೆಯುವ ಕೂಲಿಯವರ ದಿನಗೂಲಿ ಸುಮಾರು 3 ಡಾಲರ್. ಹೇಮರ್ 1969ರಲ್ಲಿ 40 ಎಕರೆ ಕೊಂಡು ‘ಫ್ರೀಡಂ ಫಾರ್ಮ್’ ಸಹಕಾರಿಯನ್ನು ಕಟ್ಟಿದರು. ತರಕಾರಿ ಬೆಳೆಸಿದರು, ಬಡ ಕುಟುಂಬಗಳಿಗೆ ಹಂದಿಮರಿ ಹಂಚಿದರು. ಮುಂದೆ ನೂರಾರು ಎಕರೆಗೆ ಬೆಳೆದ ಅದು ಹೆಚ್ಚಾಗಿ ದಾನಿಗಳ ಹಣದ ಮೇಲೆ ನಿಂತಿತ್ತು. 1970ರ ದಶಕದ ನಡುವಿಗೆಲ್ಲ ಮುಗಿದೂ ಹೋಯಿತು.

ಈಸ್ಟ್‌ಲ್ಯಾಂಡ್‌ರಂಥವರಿಗೆ ಸಲ್ಲುವ ದೊಡ್ಡ ಮೊತ್ತಗಳ ಟೀಕೆ ಜೋರಾದಾಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1970ರಲ್ಲಿ ಮಿತಿ ಹಾಕಿತು: ಒಬ್ಬ ವ್ಯಕ್ತಿಗೆ, ಒಂದು ಬೆಳೆಗೆ, 55,000 ಡಾಲರ್. ನನ್ನ ದೃಷ್ಟಿಯಲ್ಲಿ ಈ ಕಥೆಯ ತಿರುಳು ಇಲ್ಲಿದೆ. ಹಣ ಹರಿಯುವುದು ಎಕರೆಯ ಲೆಕ್ಕದಲ್ಲಿ, ಮಿತಿ ಬಿದ್ದದ್ದು ತಲೆಯ ಲೆಕ್ಕದಲ್ಲಿ. ಎಕರೆ ಹಿಗ್ಗಿಸುವುದು ಕಷ್ಟ. ಕಾಗದದ ಮೇಲೆ ತಲೆ ಹೆಚ್ಚಿಸುವುದಕ್ಕೆ ಒಬ್ಬ ವಕೀಲ ಸಾಕು. ಹೆಂಡತಿ, ಮಕ್ಕಳು, ಟ್ರಸ್ಟು, ಕಂಪನಿ ಎಂದು ಜಮೀನು ಪಾಲಾಯಿತು, ಬೊಕ್ಕಸಕ್ಕೆ ಉಳಿದದ್ದು ಅತ್ಯಲ್ಪ. 1980ರ ದಶಕದಲ್ಲಿ ಕಂಪನಿಯ ಕೆಳಗೆ ಕಂಪನಿ ಕಟ್ಟುವ ವಿದ್ಯೆಗೆ ‘ಮಿಸಿಸಿಪ್ಪಿ ಕ್ರಿಸ್‌ಮಸ್ ಟ್ರೀ’ ಎಂಬ ಅಡ್ಡಹೆಸರೇ ಬಿತ್ತು. 1987ರಲ್ಲಿ ಕಾಂಗ್ರೆಸ್ ಒಬ್ಬರಿಗೆ ಮೂರೇ ಸಂಸ್ಥೆ ಎಂದು ಕತ್ತರಿ ಹಾಕಿತು. 2008ರಲ್ಲಿ ಆ ನಿಯಮವನ್ನೂ ತೆಗೆದು, ಯಾವ ಸಂಸ್ಥೆಯ ಮೂಲಕ ಬಂದರೂ ಹಣವನ್ನು ವ್ಯಕ್ತಿಯ ಖಾತೆಗೇ ಲೆಕ್ಕ ಹಿಡಿಯುವ ಕ್ರಮ ತಂದಿತು.

ಹೀಗಾಗಿ ಫಲಾನುಭವಿಗಳ ಪಟ್ಟಿಯಲ್ಲಿ ಹೆಸರುಗಳು ಹೆಚ್ಚಿದ್ದ ಮಾತ್ರಕ್ಕೆ ಹಣ ಹೆಚ್ಚು ಮನೆಗಳಿಗೆ ಹೋಯಿತೆಂದು ಓದಬಾರದು; ಜಮೀನಿನ ದಾಖಲೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. 2018ರ ಕಾನೂನು ಸೋದರಳಿಯ, ಸೋದರ ಸೊಸೆ, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳನ್ನೂ ಕುಟುಂಬದ ವ್ಯಾಖ್ಯೆಗೆ ಸೇರಿಸಿ, ತಲೆ ಹೆಚ್ಚಿಸುವ ದಾರಿಯನ್ನು ಇನ್ನಷ್ಟು ಅಗಲಿಸಿತು. ಆಗ ತಲೆಗೆ 1,25,000 ಡಾಲರ್ ಇದ್ದ ವಾರ್ಷಿಕ ಮಿತಿಯನ್ನು 2025ರಲ್ಲಿ 1,55,000ಕ್ಕೆ ಏರಿಸಲಾಗಿದೆ.