ಹೇಳದೆ ಉಳಿಸಿದ ದಾರಿ: ಅಮೆರಿಕದ ಗುಲಾಮ ಕಥನಗಳ ಉದ್ದೇಶ ಮತ್ತು ಕಲೆ

1845ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾದ ಫ್ರೆಡರಿಕ್ ಡಗ್ಲಾಸ್ ಅವರ ಮೊದಲ ಆತ್ಮಕಥೆಯನ್ನು ಓದುತ್ತ ಹೋದವರು ಕೊನೆಯ ಅಧ್ಯಾಯದಲ್ಲಿ ಗಕ್ಕನೆ ನಿಲ್ಲಬೇಕಾಗುತ್ತದೆ. ಇಡೀ ಪುಸ್ತಕ ಯಾವ ಗಳಿಗೆಗಾಗಿ ಕಾಯಿಸುತ್ತದೋ ಆ ಪಲಾಯನದ ವಿವರವೇ ಅಲ್ಲಿಲ್ಲ. ತಪ್ಪಿಸಿಕೊಂಡ ಬಗೆಯನ್ನು ಹೇಳಿದರೆ ನೆರವಾದವರು ಸಿಕ್ಕಿಬೀಳುತ್ತಾರೆ, ಮಾಲೀಕರು ಎಚ್ಚೆತ್ತು ಉಳಿದವರ ದಾರಿಯನ್ನೂ ಮುಚ್ಚುತ್ತಾರೆ ಎಂದು ಕಾರಣ ಕೊಟ್ಟು ಅವರು ಸುಮ್ಮನಾಗುತ್ತಾರೆ. 1838ರ ಸೆಪ್ಟೆಂಬರಿನಲ್ಲಿ ನಾವಿಕನ ವೇಷ ಹಾಕಿ ಬಾಲ್ಟಿಮೋರಿನಿಂದ ರೈಲು ಹತ್ತಿದ್ದು, ಎರವಲು ತಂದ ನಾವಿಕನ ಗುರುತಿನ ಕಾಗದದಲ್ಲಿದ್ದ ಚಹರೆ ತಮಗೆ ಹೊಂದದಿದ್ದರೂ ಅದರ ನೆತ್ತಿಯ ಮೇಲಿನ ಹದ್ದಿನ ಮುದ್ರೆ ನೋಡಿಯೇ ಕಂಡಕ್ಟರ್ ಮುಂದೆ ಸಾಗಿದ್ದು, ಇದನ್ನೆಲ್ಲ ಬಿಚ್ಚಿಟ್ಟದ್ದು 1881ರಲ್ಲಿ. ಗುಲಾಮಗಿರಿ ರದ್ದಾಗಿ 16 ವರ್ಷ ಕಳೆದ ಮೇಲೆ. ಗುಲಾಮ ಕಥನಗಳನ್ನು ಪ್ರಚಾರ ಸಾಹಿತ್ಯವೆಂದು ಬದಿಗಿಟ್ಟವರೂ, ಉದ್ದೇಶವನ್ನು ಮರೆತು ಬರೀ ಶೈಲಿಯನ್ನು ಕೊಂಡಾಡಿದವರೂ ಈ ಖಾಲಿ ಜಾಗಕ್ಕೆ ಸಲ್ಲಬೇಕಾದ ಗಮನ ಕೊಟ್ಟಿಲ್ಲ. ನಂಬಿಸಬೇಕಾದರೆ ಎಲ್ಲವನ್ನೂ ಹೇಳಬೇಕು, ಕಾಪಾಡಬೇಕಾದರೆ ಕೆಲವನ್ನು ಹೇಳಬಾರದು. ಈ ಕಥನಗಳ ಕಲೆ ಹುಟ್ಟಿದ್ದು ಇದೇ ಇಕ್ಕಟ್ಟಿನಲ್ಲಿ ಎಂಬುದು ನನ್ನ ವಾದ.

ನಂಬಿಸುವ ಹೊರೆ ಸಣ್ಣದಾಗಿರಲಿಲ್ಲ. 1838ರಲ್ಲಿ ಗುಲಾಮಗಿರಿ ವಿರೋಧಿ ಸಂಘವು ಪ್ರಕಟಿಸಿದ ಜೇಮ್ಸ್ ವಿಲಿಯಮ್ಸ್ ಕಥನದ ವಿವರಗಳನ್ನು ದಕ್ಷಿಣದ ಪತ್ರಿಕೆಯೊಂದು ಪ್ರಶ್ನಿಸಿದಾಗ ಸಂಘ ಆ ಪುಸ್ತಕವನ್ನೇ ಹಿಂತೆಗೆದುಕೊಂಡಿತ್ತು. ಹೀಗಾಗಿ ಡಗ್ಲಾಸರ ಪುಸ್ತಕದ ಬಾಗಿಲಲ್ಲಿ ಗುಲಾಮಗಿರಿ ವಿರೋಧಿ ಹೋರಾಟಗಾರರಾದ ವಿಲಿಯಂ ಲಾಯ್ಡ್ ಗ್ಯಾರಿಸನ್ನರ ಮುನ್ನುಡಿ, ವೆಂಡೆಲ್ ಫಿಲಿಪ್ಸರ ಪತ್ರ ಕಾವಲು ನಿಂತಿವೆ. ತಾನೇ ಬರೆದದ್ದೆಂಬ ಮಾತು ಶೀರ್ಷಿಕೆ ಪುಟದಲ್ಲೇ ಇದೆ. ಭಾಷಣ ಕೇಳಿದವರು ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದಿರಲಾರ ಎಂದು ಶಂಕಿಸುತ್ತಿದ್ದುದರಿಂದ ಡಗ್ಲಾಸ್ ಮಾಲೀಕರ ಹೆಸರು, ಊರುಗಳನ್ನು ಇದ್ದದ್ದಿದ್ದಂತೆ ಬರೆದರು. ಅದರ ಬೆಲೆಯನ್ನೂ ತೆತ್ತರು: ಮತ್ತೆ ಹಿಡಿದೊಯ್ಯುವ ಭಯಕ್ಕೆ ಬ್ರಿಟನ್ನಿಗೆ ಹೋಗಬೇಕಾಯಿತು, 1846ರಲ್ಲಿ ಅಲ್ಲಿನ ಗೆಳೆಯರು ಹಣ ಕೊಟ್ಟು ಅವರನ್ನು ಬಿಡಿಸಬೇಕಾಯಿತು. ಇದರ ನಡುವೆ ಮೇರಿಲ್ಯಾಂಡಿನ ಎ.ಸಿ.ಸಿ. ಥಾಂಪ್ಸನ್ ಎಂಬಾತ, ತನಗೆ ಗೊತ್ತಿದ್ದ ಫ್ರೆಡರಿಕ್ ಬೈಲಿ (ಗುಲಾಮರಾಗಿದ್ದಾಗ ಡಗ್ಲಾಸರ ಹೆಸರು) ಓದುಬರಹವಿಲ್ಲದ ಗುಲಾಮ, ಅವನಿಂದ ಇಂಥ ಪುಸ್ತಕ ಬರೆಯುವುದಾಗದು ಎಂದು ಪತ್ರಿಕೆಗೆ ಬರೆದ. ಡಗ್ಲಾಸ್ ಆತನಿಗೆ ಧನ್ಯವಾದ ಹೇಳಿದರು! ತಾನು ಗುಲಾಮನಾಗಿದ್ದೆನೆಂದು ವಿರೋಧಿಯೇ ಸಾಕ್ಷಿ ಹೇಳಿದ ಮೇಲೆ ಬೇರೆ ಪುರಾವೆ ಯಾಕೆ?

ಇಲ್ಲಿ ಒಂದು ಆಕ್ಷೇಪವನ್ನು ಒಪ್ಪಲೇಬೇಕು. ಈ ಕಥನಗಳಿಗೊಂದು ಅಚ್ಚಿದೆ: ತಿಳಿಯದ ಜನ್ಮದಿನ, ಚಾಟಿಯೇಟು, ಕದ್ದು ಕಲಿತ ಅಕ್ಷರ, ಉತ್ತರಕ್ಕೆ ಓಟ. ಬಿಳಿಯ ಸಂಪಾದಕರ ಕೈಯೂ ಆಡಿದೆ. ಮೇರಿ ಪ್ರಿನ್ಸ್ ಹೇಳಿ ಬರೆಸಿದ, 1831ರಲ್ಲಿ ಲಂಡನ್ನಿನಲ್ಲಿ ಬಂದ ಕಥನವನ್ನು ಥಾಮಸ್ ಪ್ರಿಂಗಲ್ ತಿದ್ದಿದ್ದರು. ಇದು ಸಮಾಜಶಾಸ್ತ್ರ, ಸಾಹಿತ್ಯವಲ್ಲ ಎನ್ನುವ ಮಾತು ದಲಿತ ಆತ್ಮಕಥನಗಳ ಚರ್ಚೆಯಲ್ಲಿ ನಾವೂ ಕೇಳಿದ್ದೇ. ಆದರೆ ಅಚ್ಚನ್ನು ಮುರಿದವರು ಅದರೊಳಗೇ ಇದ್ದರು. ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಹೆಸರಿನಲ್ಲಿ ಹೇಳಿಕೊಂಡ ಕಥೆಯಲ್ಲಿ ಓಟಕ್ಕಿಂತ ಕೂತಲ್ಲೇ ಕೂತದ್ದು ಹೆಚ್ಚು. ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ ಅಜ್ಜಿಯ ಮನೆಗೆ ತಾಗಿದ್ದ ಕೊಟ್ಟಿಗೆಯ ಅಟ್ಟ ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದ ಕಡೆ ಮೂರೇ ಅಡಿ. ಅಲ್ಲಿ ಸುಮಾರು ಏಳು ವರ್ಷ ಅಡಗಿದ್ದ ಆಕೆ ಹಲಗೆಗೆ ತೂತು ಕೊರೆದು ಮಕ್ಕಳನ್ನು ನೋಡುತ್ತಿದ್ದರು. ಅಲ್ಲಿಂದಲೇ ಕಾಗದ ಬರೆದು, ನ್ಯೂಯಾರ್ಕಿನಿಂದ ಅಂಚೆಗೆ ಹಾಕಿಸಿ, ಯಜಮಾನ ದೂರದ ಊರಿನಲ್ಲಿ ಹುಡುಕುವಂತೆ ಮಾಡಿದರು. ಕಲ್ಪಿಸಿ ಬರೆಯುವ ಕಲೆ ಆಕೆಗೆ ಪುಸ್ತಕಕ್ಕಿಂತ ಮೊದಲು ಜೀವ ಉಳಿಸಿಕೊಳ್ಳಲು ಬೇಕಾಗಿತ್ತು. ಕಾದಂಬರಿಯಂತಿದೆ ಎಂಬ ಕಾರಣಕ್ಕೇ ಇತಿಹಾಸಕಾರ ಜಾನ್ ಬ್ಲಾಸಿಂಗೇಮ್ 1972ರಲ್ಲಿ ಈ ಕೃತಿಯನ್ನು ಶಂಕಿಸಿದರು; ವಿದ್ವಾಂಸೆ ಜೀನ್ ಫೇಗನ್ ಯೆಲಿನ್ 1980ರ ದಶಕದಲ್ಲಿ ಜೇಕಬ್ಸರ ಪತ್ರಗಳನ್ನು ಮುಂದಿಟ್ಟು ಅದು ಆಕೆಯದೇ ಎಂದು ತೋರಿಸಿದರು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಹೇಳಿದ್ದೇ ಸುಳ್ಳಾಗಿದ್ದರೆ? 1789ರ ತಮ್ಮ ಆತ್ಮಕಥೆಯಲ್ಲಿ ಒಲಾಡಾ ಎಕ್ವಿಯಾನೊ ತಾವು ಆಫ್ರಿಕದಲ್ಲಿ ಹುಟ್ಟಿದವರೆನ್ನುತ್ತಾರೆ. 1759ರ ದೀಕ್ಷಾಸ್ನಾನದ ದಾಖಲೆ ಮತ್ತು 1773ರ ಹಡಗಿನ ಪಟ್ಟಿ ಕೆರೊಲಿನಾ ಎನ್ನುತ್ತವೆ. ವಿದ್ವಾಂಸರ ಜಗಳ ಮುಗಿದಿಲ್ಲ. ಅಂದಿನ ಗುಮಾಸ್ತರ ಬರಹವೆಲ್ಲ ಸತ್ಯ, ಗುಲಾಮನಾಗಿದ್ದವನ ಬರಹ ಮಾತ್ರ ಸಂಶಯಾಸ್ಪದ ಎನ್ನುವ ತಕ್ಕಡಿ ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಸಂಶಯವೇ ಬೇಡವೆಂದಲ್ಲ. ಈ ಬರಹಗಳನ್ನು ಹೇಳಿದ್ದರ ಜೊತೆಗೆ ಯಾರಿಗೆ, ಯಾವಾಗ, ಯಾಕೆ ಹೇಳಿದರೆಂದು ಕೇಳಿಕೊಂಡೇ ಓದಬೇಕು. ಹೇಳಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಗುಲಾಮರಾಗಿದ್ದ ಹೆನ್ರಿ ಬಾಕ್ಸ್ ಬ್ರೌನ್ 1849ರಲ್ಲಿ ಮೂರಡಿ ಉದ್ದದ ಪೆಟ್ಟಿಗೆಯೊಳಗೆ ಕೂತು ರಿಚ್ಮಂಡಿನಿಂದ ಫಿಲಡೆಲ್ಫಿಯಾಕ್ಕೆ ಸಾಮಾನಿನಂತೆ ರವಾನೆಯಾದದ್ದು ಬೇಗನೆ ಜನಜನಿತವಾಯಿತು. ಆ ಉಪಾಯ ಗುಟ್ಟಾಗಿ ಉಳಿದಿದ್ದರೆ ಇನ್ನೆಷ್ಟೋ ಜನ ಹಾಗೆಯೇ ಪಾರಾಗುತ್ತಿದ್ದರು ಎಂದು ಡಗ್ಲಾಸ್ 1855ರ ತಮ್ಮ ಎರಡನೆಯ ಆತ್ಮಕಥೆಯಲ್ಲಿ ಬೇಸರಪಟ್ಟರು. ಬ್ರೌನ್‌ರನ್ನು ಕಳಿಸಿಕೊಟ್ಟಿದ್ದ ಸ್ಯಾಮ್ಯುಯೆಲ್ ಸ್ಮಿತ್ 1849ರಲ್ಲೇ ಮತ್ತೆ ಪೆಟ್ಟಿಗೆಗಳಲ್ಲಿ ಜನರನ್ನು ಕಳಿಸಲು ಹೋಗಿ ಸಿಕ್ಕಿಬಿದ್ದು ಜೈಲು ಸೇರಿದ್ದ.