ಕಾಡಂಚಿನ ಗ್ರಾಮಗಳಲ್ಲಿ ಸುಸ್ಥಿರ ಜೀವನೋಪಾಯ ಯೋಜನೆಗಳ ನಿರ್ವಹಣೆ

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟ ಮತ್ತು ಮಲೆಮಹದೇಶ್ವರ ಬೆಟ್ಟದ ಸಂರಕ್ಷಿತ ಅರಣ್ಯಗಳ ಅಂಚಿನಲ್ಲಿರುವ ಗ್ರಾಮಗಳ ಕೃಷಿಯು ಬಹುತೇಕ ಮಳೆಯಾಶ್ರಿತವಾದುದು. ಬೆಳೆ ಕೈಕೊಟ್ಟ ವರ್ಷ ಸೌದೆ, ಮೇವು ಮತ್ತು ಕಿರು ಅರಣ್ಯ ಉತ್ಪನ್ನಗಳಿಗಾಗಿ ಕಾಡಿನ ಮೇಲಿನ ಅವಲಂಬನೆ ಹೆಚ್ಚುತ್ತದೆ. ಈ ಅವಲಂಬನೆಯನ್ನು ತಗ್ಗಿಸುತ್ತಲೇ ಕುಟುಂಬದ ಆದಾಯವನ್ನು ಭದ್ರಪಡಿಸುವುದು ಜೀವನೋಪಾಯ ಯೋಜನೆಯ ಗುರಿಯಾಗಿರಬೇಕು. ಆದಾಯ ಹೆಚ್ಚಿದ ಮಾತ್ರಕ್ಕೆ ಕಾಡಿನ ಮೇಲಿನ ಒತ್ತಡ ತಾನಾಗಿಯೇ ಕಡಿಮೆಯಾಗುವುದಿಲ್ಲ ಎಂಬುದನ್ನು ಮೊದಲು ಮನಗಾಣಬೇಕು.

ಇದಕ್ಕೆ ಬಂಡೀಪುರದ ಅಂಚಿನ ಗ್ರಾಮಗಳ ಅನುಭವವೇ ಸಾಕ್ಷಿ. 1990ರ ದಶಕದಲ್ಲಿ ಕಾಫಿ ಬೆಲೆ ಏರಿದಾಗ ತೋಟಗಳಲ್ಲಿ ಸಗಣಿ ಗೊಬ್ಬರಕ್ಕೆ ಬೇಡಿಕೆ ಹೆಚ್ಚಿತು. ಹೊಲಕ್ಕೆ ಸೇರಬೇಕಿದ್ದ ಗೊಬ್ಬರ ಮಾರಾಟದ ಸರಕಾಯಿತು. ಅದಕ್ಕಾಗಿ ಸಾಕಿದ ದನಗಳು ಮೇದದ್ದು ಕಾಡಿನಲ್ಲಿ. ಆದ್ದರಿಂದ ಯಾವುದೇ ಚಟುವಟಿಕೆಯನ್ನು ಆರಿಸುವ ಮುನ್ನ ಅದಕ್ಕೆ ಬೇಕಾದ ಮೇವು, ಸೌದೆ ಮತ್ತು ನೀರು ಎಲ್ಲಿಂದ ಬರುತ್ತವೆ ಎಂಬುದನ್ನು ಪರಿಶೀಲಿಸಿರಿ.

ಮೊದಲ ಹಂತ: ಅವಲಂಬನೆಯ ಸಮೀಕ್ಷೆ

ಯಾವ ಕುಟುಂಬ, ಯಾವ ತಿಂಗಳಿನಲ್ಲಿ, ಯಾವ ಅಗತ್ಯಕ್ಕಾಗಿ ಕಾಡಿಗೆ ಹೋಗುತ್ತದೆ ಎಂಬುದನ್ನು ಗ್ರಾಮಸ್ಥರೊಂದಿಗೆ ಕುಳಿತು ದಾಖಲಿಸಿರಿ. ಸೌದೆಯ ವಿಷಯವನ್ನು ಮಹಿಳೆಯರಿಂದಲೂ ಮೇವಿನ ವಿಷಯವನ್ನು ದನಗಾಹಿಗಳಿಂದಲೂ ತಿಳಿಯತಕ್ಕದ್ದು. ಕಾಫಿ ಕೊಯ್ಲಿನ ಕಾಲದಲ್ಲಿ ಅನೇಕ ಭೂರಹಿತ ಕುಟುಂಬಗಳು ಕೂಲಿಗಾಗಿ ಕೊಡಗು ಮತ್ತು ವಯನಾಡಿಗೆ ತೆರಳುತ್ತವೆ. ಆಗ ಸಭೆ ನಡೆಸಿದರೆ ಕಾಡನ್ನು ಹೆಚ್ಚು ಅವಲಂಬಿಸಿದವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ.

ಎರಡನೆಯ ಹಂತ: ಚಟುವಟಿಕೆಗಳ ಆಯ್ಕೆ

ಹೈನುಗಾರಿಕೆ: ಹೆಚ್ಚು ದನಗಳನ್ನು ಕಾಡಿಗೆ ಅಟ್ಟುವುದರ ಬದಲು ಕಡಿಮೆ ರಾಸುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವುದು ಲೇಸು. ಬದುಗಳ ಮೇಲೆ ಹೈಬ್ರಿಡ್ ನೇಪಿಯರ್ ಹುಲ್ಲು ಮತ್ತು ಮೇವಿನ ಮರಗಳನ್ನು ಬೆಳೆಯಿರಿ. ಒಣಹುಲ್ಲಿನ ಪೌಷ್ಟಿಕತೆ ಹೆಚ್ಚಿಸಲು 100 ಕಿ.ಗ್ರಾಂ ಹುಲ್ಲಿಗೆ 4 ಕಿ.ಗ್ರಾಂ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ಹೊರತೆಗೆದ ಹುಲ್ಲನ್ನು ಗಾಳಿಗೆ ಹರಡಿದ ನಂತರವೇ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಕಾಲುಬಾಯಿ ಜ್ವರದ ಲಸಿಕೆಯನ್ನು ತಪ್ಪಿಸಬೇಡಿರಿ. ಈ ರೋಗವು ಕಾಟಿ, ಜಿಂಕೆಗಳಿಗೂ ಹರಡುತ್ತದೆ.

ಗೋಬರ್ ಗ್ಯಾಸ್: 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿ.ಗ್ರಾಂ ಸಗಣಿ, ಅಂದರೆ ನಾಲ್ಕೈದು ರಾಸುಗಳು ಬೇಕು. ಇದು ಐದಾರು ಜನರ ಕುಟುಂಬದ ಅಡುಗೆಗೆ ಸಾಕಾಗುತ್ತದೆ ಮತ್ತು ಹೊರಬರುವ ಬಗ್ಗಡವು ಉತ್ತಮ ಗೊಬ್ಬರವಾಗುತ್ತದೆ. ಅಷ್ಟು ರಾಸುಗಳಿಲ್ಲದ ಮನೆಗೆ ಸುಧಾರಿತ ಒಲೆಯೇ ಸೂಕ್ತ.

ಜೇನು ಸಾಕಣೆ: ತುಡುವೆ ಜೇನು ಈ ಪ್ರದೇಶಕ್ಕೆ ಹೊಂದುತ್ತದೆ ಮತ್ತು ಭೂರಹಿತರಿಗೂ ಸಾಧ್ಯ. ಕರಡಿಗಳ ಓಡಾಟವಿರುವುದರಿಂದ ಪೆಟ್ಟಿಗೆಗಳನ್ನು ಕಾಡಿನ ಅಂಚಿನಲ್ಲಿಡದೆ ಮನೆಯ ಸಮೀಪ ಇಡಿರಿ. ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲಿಟ್ಟು ಇರುವೆಗಳನ್ನು ತಡೆಯಿರಿ.

ಬೆಳೆ ಯೋಜನೆ: ರಾಗಿ, ಮುಸುಕಿನ ಜೋಳ, ಕಬ್ಬು ಮತ್ತು ಬಾಳೆ ಆನೆಗಳನ್ನು ಸೆಳೆಯುತ್ತವೆ. ಮೆಣಸಿನಕಾಯಿ, ಹರಳು, ಚೆಂಡು ಹೂಗಳನ್ನು ಅವು ಸಾಮಾನ್ಯವಾಗಿ ತಿನ್ನುವುದಿಲ್ಲ. ಆದರೆ ತುಳಿತದ ಹಾನಿ ತಪ್ಪದು. ಕಾಡಿಗೆ ಹೊಂದಿದ ಹೊಲದಲ್ಲಿ ಇವುಗಳನ್ನು ಬೆಳೆದು, ಮನೆಬಳಕೆಯ ರಾಗಿಯನ್ನು ಊರಿನ ಸಮೀಪದ ಹೊಲಕ್ಕೆ ಮೀಸಲಿಡಿರಿ. ಊರೆಲ್ಲ ಒಂದೇ ಹೂವನ್ನು ಬೆಳೆದರೆ ಬೆಲೆ ಕುಸಿಯುವುದರಿಂದ ಖರೀದಿದಾರರನ್ನು ಮೊದಲೇ ಗೊತ್ತುಪಡಿಸಿಕೊಳ್ಳಿರಿ.

ಅರಣ್ಯ ಉತ್ಪನ್ನ: 2006ರ ಅರಣ್ಯ ಹಕ್ಕುಗಳ ಕಾಯಿದೆಯು ಅರ್ಹ ಸಮುದಾಯಗಳಿಗೆ ಕಿರು ಅರಣ್ಯ ಉತ್ಪನ್ನದ ಹಕ್ಕನ್ನು ನೀಡುತ್ತದೆ. 2011ರಲ್ಲಿ ಬಿಳಿಗಿರಿರಂಗನಬೆಟ್ಟದ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ನೆಲ್ಲಿಕಾಯಿ ಕೀಳುವಾಗ ಕೊಂಬೆ ಕಡಿಯಬಾರದು. ಒಂದಿಷ್ಟು ಕಾಯಿಯನ್ನು ಮರದಲ್ಲೇ ಉಳಿಸಬೇಕು. ಮಲೆಮಹದೇಶ್ವರ ಬೆಟ್ಟದಲ್ಲಿ ಲಂಟಾನದಿಂದ ಪೀಠೋಪಕರಣ ತಯಾರಿಸಲಾಗುತ್ತಿದೆ. ಈ ಕಳೆಯನ್ನು ಕಾಡಿನಿಂದ ತರುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು.

ಮೂರನೆಯ ಹಂತ: ಬೆಳೆ ರಕ್ಷಣೆ ಮತ್ತು ಪರಿಹಾರ

ಒಂದು ರಾತ್ರಿಯ ಆನೆ ದಾಳಿ ವರ್ಷದ ಗಳಿಕೆಯನ್ನು ಅಳಿಸಬಲ್ಲದು. ಸೌರ ಬೇಲಿಯು ಹಾಕಿದ್ದರಿಂದಲ್ಲ, ನಿರ್ವಹಣೆಯಿಂದ ಕೆಲಸ ಮಾಡುತ್ತದೆ. ತಂತಿಗೆ ತಗಲುವ ಗಿಡಬಳ್ಳಿಗಳನ್ನು ಆಗಾಗ ಸವರಿ, ಬ್ಯಾಟರಿಯನ್ನು ಪರೀಕ್ಷಿಸಿರಿ. ಬೇಲಿಗೆ ವಿದ್ಯುತ್ ಮಾರ್ಗದಿಂದ ನೇರ ಸಂಪರ್ಕ ಕೊಡುವುದು ಅಪರಾಧ; ಅದು ಮನುಷ್ಯರನ್ನೂ ಕೊಲ್ಲುತ್ತದೆ. ಹಾನಿಯಾದಲ್ಲಿ ಹೊಲವನ್ನು ಸರಿಪಡಿಸುವ ಮುನ್ನವೇ ಛಾಯಾಚಿತ್ರ ತೆಗೆದು, ಅರಣ್ಯ ಸಿಬ್ಬಂದಿಗೆ ತಿಳಿಸಿ, ಪಹಣಿ ಮತ್ತು ಬ್ಯಾಂಕ್ ಪುಸ್ತಕದ ಪ್ರತಿಯೊಂದಿಗೆ ಪರಿಹಾರಕ್ಕೆ ಅರ್ಜಿ ಸಲ್ಲಿಸಿರಿ.

ನಾಲ್ಕನೆಯ ಹಂತ: ಯೋಜನೆ ಮುಗಿದ ನಂತರ

ಅನುದಾನ ನಿಂತ ಬಳಿಕ ಹಾಳುಬೀಳುವ ಬೇಲಿ ಮತ್ತು ಘಟಕಗಳು ಯಾರ ಜೀವನಕ್ಕೂ ಆಧಾರವಾಗಲಾರವು. ಆರಂಭದಲ್ಲೇ ಗ್ರಾಮ ಅರಣ್ಯ ಸಮಿತಿ, ಪರಿಸರ ಅಭಿವೃದ್ಧಿ ಸಮಿತಿ ಅಥವಾ ಸ್ವಸಹಾಯ ಸಂಘದ ಹೆಸರಿನಲ್ಲಿ ನಿರ್ವಹಣಾ ನಿಧಿಯನ್ನು ಸ್ಥಾಪಿಸಿ, ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಿರಿ. ಪ್ರತಿ ಹಂಗಾಮಿನ ಕೊನೆಗೆ ಮೂರು ಅಂಶಗಳನ್ನು ದಾಖಲಿಸಿರಿ:

• ಖರ್ಚು ಕಳೆದು ಕುಟುಂಬಕ್ಕೆ ಉಳಿದ ಆದಾಯ
• ಕಾಡಿನಿಂದ ತಂದ ಸೌದೆ ಹೊರೆಗಳ ಸಂಖ್ಯೆ
• ಕಾಡಿನಲ್ಲಿ ದನ ಮೇಯಿಸಿದ ದಿನಗಳು

ಮೊದಲನೆಯದು ಏರಿ, ಉಳಿದೆರಡು ಇಳಿದರೆ ಯೋಜನೆ ಸರಿದಾರಿಯಲ್ಲಿದೆ. ಮೂರೂ ಏರುತ್ತಿದ್ದರೆ ಆ ಚಟುವಟಿಕೆಯನ್ನು ವಿಸ್ತರಿಸದೆ ಮರುಪರಿಶೀಲಿಸಿರಿ.

ಹೆಚ್ಚಿನ ಮಾಹಿತಿಗಾಗಿ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಿರಿ.